ತೋಳಿನ ಮೇಲೆ ಏಳದ ದದ್ದು

ಹದಿನೈದು ನಿಮಿಷ ಕಳೆದವು. ಕ್ರೇನಿನವನ ತೋಳಿನ ಮೇಲೆ ಸಾಸಿವೆ ಕಾಳಿನಷ್ಟು ದದ್ದು ಕೂಡ ಏಳಲಿಲ್ಲ.

ಚರ್ಮದ ಆಸ್ಪತ್ರೆಯ ನರ್ಸ್ ಗೋಡೆ ಗಡಿಯಾರ ನೋಡಿದಳು, ತೋಳು ನೋಡಿದಳು, ಮತ್ತೆ ಗಡಿಯಾರ ನೋಡಿದಳು. ತಪ್ಪೆಲ್ಲ ಗಡಿಯಾರದ್ದೇ ಎಂಬಂತೆ ಅದರತ್ತ ಕಣ್ಣು ಕೆಕ್ಕರಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಪೆನ್ನಿನಲ್ಲಿ ಏಳು ಅಂಕಿ ಬರೆದು, ಒಂದೊಂದು ಅಂಕಿಯ ಪಕ್ಕ ಒಂದೊಂದು ಹನಿ ಇಟ್ಟು, ಸೂಜಿಮೊನೆಯಿಂದ ಮೆಲ್ಲಗೆ ಚುಚ್ಚಿದ್ದಳು. ಕಾಗದದ ಧೂಳಿಗೊಂದು, ಬೂಷ್ಟಿಗೊಂದು, ಬೆಕ್ಕಿನ ಕೂದಲಿಗೊಂದು, ಹೀಗೆ.

"ತುರಿಕೆ?"

"ಇಲ್ಲ."

"ಉರಿ? ಏಳನೇ ಚುಕ್ಕೆ ಹತ್ರ?"

"ಇಲ್ಲ ಸಿಸ್ಟರ್. ಏನೂ ಇಲ್ಲ."

"ಹಾಗಾದ್ರೆ ನೀವು ಸುಳ್ಳು ಹೇಳ್ತಿದೀರಿ," ಎಂದಳು ನರ್ಸ್. ಬಟ್ಟಲಿಗೆ ಬಿಸಾಕಿದ ಸೂಜಿ ಟಿಂಗ್ ಎಂದಿತು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಹೆಂಗಸಿನ ಕಿವಿ ಆ ಮಾತಿಗೆ ನೆಟ್ಟಗಾಯಿತು. ಹದಿನೆಂಟು ವರ್ಷ ಔಷಧದ ಅಂಗಡಿಯಲ್ಲಿ ನಿಂತು ವೈದ್ಯರ ಕೋಳಿಕಾಲಿನ ಬರಹ ಓದಿದವಳು. ಆಮೇಲೆ ಕಾರ್ಖಾನೆಗಳ ಅಪಘಾತ ತನಿಖೆ ಮಾಡುವ ಇಲಾಖೆಗೆ ಬಂದು ಮನುಷ್ಯರ ಮುಖ ಓದತೊಡಗಿದವಳು. ಇಲಾಖೆಯವರೆಲ್ಲ ಅವಳನ್ನು ಭೂತಗನ್ನಡಿ ಎನ್ನುತ್ತಿದ್ದರು. ಅವಳ ಕಣ್ಣಿಗೆ ಬಿದ್ದ ಇರುವೆ ತನ್ನ ತಪ್ಪಿನ ಜೊತೆಗೆ ಅಜ್ಜನ ತಪ್ಪನ್ನೂ ಒಪ್ಪಿಕೊಂಡು ಹೋಗುತ್ತಿತ್ತು ಎಂದು ಜನ ಹೇಳುತ್ತಾರೆ. ಜನ ಕಡಿಮೆಯೇ ಹೇಳುತ್ತಾರೆ.

ಮೊನ್ನೆ ಹಗಲು ಹನ್ನೊಂದಕ್ಕೆ ಕಾಗದದ ಗಿರಣಿಯಲ್ಲಿ ಎರಡು ಟನ್ನಿನ ಸುರುಳಿಯೊಂದು ಈ ಮನುಷ್ಯನ ಕ್ರೇನಿನಿಂದ ಉರುಳಿ, ಕೆಳಗೆ ಸನ್ನೆ ತೋರುತ್ತಿದ್ದ ಅವನ ಸ್ವಂತ ಭಾವಮೈದುನನನ್ನೇ ಕೆಡವಿ, ಎಚ್ಚರವಿಲ್ಲದೆ ಬೇರೊಂದು ಆಸ್ಪತ್ರೆ ಸೇರುವಂತೆ ಮಾಡಿತ್ತು. ಮೇಲೆ ಹತ್ತಿ ನೋಡಿದವರಿಗೆ ಕ್ರೇನಿನವನು ಸನ್ನೆಗೋಲಿಗೆ ಹಣೆಯಾನಿಸಿ ಗೊರಕೆ ಹೊಡೆಯುತ್ತಿದ್ದುದು ಕಂಡಿತು. ರಕ್ತ ಪರೀಕ್ಷೆಯಲ್ಲಿ ಹೆಂಡವಿಲ್ಲ, ನಿದ್ದೆ ಗುಳಿಗೆಯಿಲ್ಲ. ಅಂದರೆ ಬರೀ ಸೋಮಾರಿತನ. ಇವತ್ತು ನಾಲ್ಕಕ್ಕೆ ವಿಚಾರಣೆ ಮುಗಿಯುತ್ತದೆ; ಮುಗಿದೊಡನೆ ಪರವಾನಗಿ ಹರಿದು ಮನುಷ್ಯನನ್ನು ಪೊಲೀಸ್ ಜೀಪು ಹತ್ತಿಸುತ್ತಾರೆ.

ಗಡಿಯಾರದಲ್ಲಿ ಹನ್ನೆರಡು ಹತ್ತು.

"ಸಿಸ್ಟರ್, ಏಳನೇ ಚುಕ್ಕೆಲಿ ಏನಿತ್ತು?" ಎಂದಳು ಭೂತಗನ್ನಡಿ. ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿದ್ದನ್ನು ಬೇರೆಯವರ ಬಾಯಲ್ಲಿ ಹೇಳಿಸುವುದು ಅವಳ ಕಸುಬು.

"ಹಿಸ್ಟಮಿನ್. ಅಲರ್ಜಿ ಆದಾಗ ನಮ್ಮ ಮೈಯೇ ಕಕ್ಕೋ ರಾಸಾಯನಿಕ. ತುರಿಕೆ, ದದ್ದು, ಸೀನು, ಎಲ್ಲಾ ಅದರದ್ದೇ ಕಾರುಬಾರು. ಮಿಕ್ಕ ಆರು ಚುಕ್ಕೆ ಏಳ್ಲಿ ಬಿಡ್ಲಿ, ಇದು ಯಾರ ತೋಳಲ್ಲಾದ್ರೂ ಏಳ್ಬೇಕು. ಪರೀಕ್ಷೆ ಸರಿಯಾಗಿ ನಡೀತಿದೆಯೋ ಇಲ್ವೋ ಅಂತ ನೋಡೋಕೇ ಇದನ್ನ ಹಾಕೋದು. ಏಳ್ಲಿಲ್ಲ ಅಂದ್ರೆ ಅಲರ್ಜಿ ಮಾತ್ರೆ ಒಳಗಿದೆ ಅಂತ ಅರ್ಥ. ಏಳು ದಿನ ಮೊದಲೇ ಮಾತ್ರೆ ನಿಲ್ಲಿಸಿ ಅಂತ ಚೀಟಿ ಬರೆದು ಕೊಟ್ಟಿದ್ದೆ ಇವರಿಗೆ!"

"ನಿಲ್ಲಿಸಿದೀನಿ ಅಂತ ಎಷ್ಟು ಸಲ ಹೇಳ್ಲಿ!" ಕ್ರೇನಿನವನು ಅಂಗಿಯ ಬೆನ್ನು ಎತ್ತಿ ತೋರಿಸಿದ. ಬೆಕ್ಕುಗಳ ಪಂಚಾಯಿತಿ ಅವನ ಬೆನ್ನ ಮೇಲೇ ನಡೆದಂತಿತ್ತು. "ಕಾಗದದ ಧೂಳು ತಾಗಿದ್ರೆ ನಂಗೆ ಹೀಗೇ. ಮಾತ್ರೆ ಬಿಟ್ಟ ದಿನದಿಂದ ಕೆರ್ಕೊಂಡು ಕೆರ್ಕೊಂಡು ರಾತ್ರಿ ನಿದ್ದೆಯಿಲ್ಲ. ಈಗ ಮೂರು ನಾಲ್ಕು ದಿನದಿಂದ ಸ್ವಲ್ಪ ಕಮ್ಮಿ, ಅಷ್ಟೇ."

"ಕಮ್ಮಿಯಾಯ್ತಾ? ತಾನಾಗೇ?" ಭೂತಗನ್ನಡಿ ಎದ್ದು ಬಂದಳು. "ಇನ್ನೇನು ಬದಲಾಯ್ತು ಆಮೇಲೆ? ಸಣ್ಣದಾದ್ರೂ ಸರಿ."

"ಸಣ್ಣದು ಅಂದ್ರೆ... ಮೇಲೆ ಕೂತಾಗ ಬಾಯಿ ಒಣಗೋದು. ಮರಳು ತುಂಬಿದ ಹಾಗೆ. ಬೆಳಿಗ್ಗೆ ಹತ್ತೂವರೆ ಆದ್ರೆ ಸಾಕು. ಮಾಪಕದ ಅಂಕಿ ಮಂಜು ಮಂಜು. ಕಣ್ಣಿಗೆ ಕನ್ನಡಕ ಬಂತೇನೋ ಅಂದ್ಕೊಂಡೆ."

"ಈಗ?"

"ಈಗ ಮನೇಲೇ ಇದೀನಲ್ಲ. ಸರಿಯಾಗಿದೆ."

ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಬರೆದುಕೊಂಡಳು, ಆದರೆ ಓದಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವಳು ಮಾಡಿದ ತಪ್ಪುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಿದರೆ ಐದು ಬೆರಳೂ ಮಿಕ್ಕುತ್ತಿದ್ದವು. ಇವತ್ತು ಒಂದು ಬೆರಳು ಮಡಚಬೇಕಾಯಿತು.

ಬಾಗಿಲಲ್ಲಿ ಒಂದು ನಗು ಕಾಣಿಸಿತು. ನಗುವಿನ ಹಿಂದೆ ಗಿರಣಿಯ ಸೂಪರ್‌ವೈಸರ್ ಕಾಣಿಸಿದ. ಗಿರಣಿಯಲ್ಲಿ ಅವನ ಹೆಸರೇ ಸಕ್ಕರೆ. ಅವನು ಬೈದರೂ ಬೈಸಿಕೊಂಡವನು ಧನ್ಯವಾದ ಹೇಳಿ ಹೋಗುತ್ತಿದ್ದ.

"ಮುಗೀತೇನಪ್ಪಾ? ಬಾ ಮರಿ, ವ್ಯಾನು ಕಾಯ್ತಿದೆ. ನಾಲ್ಕಕ್ಕೆ ಮೊದಲು ಒಂದಿಷ್ಟು ಕಾಗದಪತ್ರ ಇದೆ." ಭೂತಗನ್ನಡಿಗೆ ಕೈಮುಗಿದ. "ಮೇಡಂ, ನಿಮಗೂ ಸುಮ್ಮನೆ ಓಡಾಟ. ಪಾಪ, ನಿದ್ದೆ ಯಾರಪ್ಪನ ಮನೆ ಸ್ವತ್ತು? ಬಂತು, ಮಲಗಿದ."

"ಬಂತೋ, ಯಾರಾದ್ರೂ ಕಳಿಸಿಕೊಟ್ರೋ, ನೋಡೋಣ," ಎಂದಳು ಅವಳು.

ಸಕ್ಕರೆಯ ನಗು ಒಂದು ನೂಲಿನಷ್ಟೂ ಅಲ್ಲಾಡಲಿಲ್ಲ.

ಆಸ್ಪತ್ರೆಯ ಎದುರು ಕಾರಿನಲ್ಲಿ ಅವಳ ಗಂಡ ಸೀನುತ್ತ ಕೂತಿದ್ದ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮಹಾಶಯ. ಬಂಧುಬಳಗಕ್ಕೆಲ್ಲ ಅವನು ಸ್ಟೇರಿಂಗು. ಬೆಳಿಗ್ಗೆ ಗಿರಣಿಯ ಗೇಟಿನೊಳಗೆ ಅರ್ಧ ಗಂಟೆ ನಿಂತಿದ್ದಕ್ಕೆ ಮೂಗು ನಲ್ಲಿಯಾಗಿತ್ತು. ಅವನ ಒಂದೊಂದು ಸೀನಿಗೂ ರಸ್ತೆಯಾಚೆಯ ಪಾರಿವಾಳಗಳು ಸೂರು ಬಿಟ್ಟು ಹಾರಿ, ಮುಗಿಯಿತೆಂದು ಬಂದು ಕೂತು, ಮತ್ತೆ ಹಾರುತ್ತಿದ್ದವು.

ಅವನು ಡ್ಯಾಶ್‌ಬೋರ್ಡಿನಿಂದ ಹಳದಿ ಮಾತ್ರೆಯೊಂದನ್ನು ತೆಗೆದು ಬಾಯಿಗೆ ಎಸೆಯುವಷ್ಟರಲ್ಲಿ ಅವಳು ಗಾಳಿಯಲ್ಲೇ ಹಿಡಿದಳು.

"ಕಾರು ಓಡಿಸೋಕೆ ಮೊದಲು ಇದಾ? ಪಟ್ಟಿ ಮೇಲೆ ಏನು ಬರೆದಿದೆ ಓದಿ."

"ಇರುವೆ ಸಾಲಿನ ಅಕ್ಷರ. ನನ್ನ ಕೈಲಿ ಆಗಲ್ಲ."

"ನಿದ್ದೆ ಬರಿಸಬಹುದು, ವಾಹನ ಓಡಿಸಬೇಡಿ ಅಂತ. ಸೀನುತ್ತ ಓಡಿಸೋದೂ ಬೇಡ, ಆ ಕಡೆ ಸರೀರಿ, ನಾನೇ ಓಡಿಸ್ತೀನಿ. ಮನೆಗೆ ಹೋದ್ಮೇಲೆ ವೈದ್ಯರನ್ನ ಕೇಳಿ, ಹೊಸ ನಮೂನೆಯದ್ದು ತಗೊಳ್ಳಿ. ಮಾತ್ರೆ ಅಲರ್ಜಿದೇ, ಆದ್ರೆ ಎರಡೂ ಒಂದೇ ಅಲ್ಲ."

"ಸೀನು ನಿಲ್ಲಿಸೋ ಮಾತ್ರೆಗೂ ನಿದ್ದೆಗೂ ಏನೇ ಸಂಬಂಧ?"

ಅವಳು ಗೇರು ಹಾಕಿದಳು. ಕಾರು ಒಂದು ಸಲ ನೆಗೆಯಿತು. ಸ್ಟೇರಿಂಗು ಕಣ್ಣು ಮುಚ್ಚಿಕೊಂಡ.

"ನಿಮ್ಮ ಬಸ್ಸಲ್ಲಿ ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡೀತಿದ್ರಲ್ಲ?"

"ಅದಕ್ಕಾಗಿ ನಡೆದ ಯುದ್ಧಗಳನ್ನ ಬರೆದಿದ್ರೆ ನೂರು ಸಂಪುಟ ಆಗೋದು!"

"ಅಲರ್ಜಿ ಮಾತ್ರೆ ಮಾಡೋದು ಅದನ್ನೇ. ಮೂಗಲ್ಲಿ, ಚರ್ಮದಲ್ಲಿ, ಹಿಸ್ಟಮಿನ್ ಕೂರೋಕೆ ಅಂತ ಸೀಟುಗಳಿವೆ. ಅದು ಬಂದು ಕೂತ್ರೆ ಸೀನು, ತುರಿಕೆ ಶುರು. ಮಾತ್ರೆ ಮೊದಲೇ ಹೋಗಿ ಕರವಸ್ತ್ರ ಹಾಕ್ಬಿಡತ್ತೆ. ಹಿಸ್ಟಮಿನ್ ಬಸ್ಸು ಹತ್ತತ್ತೆ, ಕೂರೋಕೆ ಜಾಗ ಇಲ್ಲ. ಅದಕ್ಕೇ ಆ ಏಳನೇ ಚುಕ್ಕೆ ಏಳ್ಲಿಲ್ಲ."

"ಸರಿ, ನಿದ್ದೆ?"

"ಮೆದುಳಲ್ಲೂ ಅದೇ ಸೀಟುಗಳಿವೆ. ಅಲ್ಲಿ ಹಿಸ್ಟಮಿನ್ ಕಳ್ಳ ಅಲ್ಲ, ಕಾವಲುಗಾರ. ನಮ್ಮನ್ನ ಎಚ್ಚರವಾಗಿ ಇಡೋದೇ ಅದು. ಹಳೇ ಮಾತ್ರೆ ಮೆದುಳಿಗೂ ನುಗ್ಗಿ ಕಾವಲುಗಾರನ ಸೀಟಿಗೂ ಕರವಸ್ತ್ರ ಹಾಕತ್ತೆ. ಹೊಸ ನಮೂನೆ ಹೆಚ್ಚಾಗಿ ಆ ಬಾಗಿಲಲ್ಲೇ ನಿಂತ್ಕೊಳ್ಳತ್ತೆ."

"ಅಂದ್ರೆ ನಿನ್ನ ಕ್ರೇನಿನವನಿಗೆ..."

"ಯಾರೋ ಗೊತ್ತಿಲ್ಲದ ಹಾಗೆ ಕುಡಿಸಿದಾರೆ. ರಕ್ತದಲ್ಲಿ ಇದನ್ನ ಯಾರೂ ಹುಡುಕೇ ಇಲ್ಲ, ಹೆಂಡ ಮತ್ತು ನಿದ್ದೆ ಗುಳಿಗೆ ಹುಡುಕಿದ್ರು."

ಸ್ಟೇರಿಂಗು ಸೀನನ್ನು ಅರ್ಧಕ್ಕೇ ನಿಲ್ಲಿಸಿದ. ಅದೊಂದು ಪವಾಡ. "ಗಿರಣಿಲೇ ಇರ್ಬೇಕು. ಆ ಬುಟ್ಟಿ ಪದ್ಧತಿ ನೋಡಿದೆಯಲ್ಲ."

ಬೆಳಿಗ್ಗೆ ಇಬ್ಬರೂ ನೋಡಿದ್ದರು. ಆ ಗಿರಣಿಯಲ್ಲಿ ಕ್ರೇನು ಹತ್ತಿದವನು ಪಾಳಿ ಮುಗಿಯುವತನಕ ಇಳಿಯುವಂತಿಲ್ಲ. ಅರವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ, ಇಳಿದು ಹತ್ತುವಷ್ಟರಲ್ಲಿ ಕೆಳಗಿನವರಿಗೆ ಗಡ್ಡ ಬೆಳೆಯುತ್ತದೆ. ಹಾಗಾಗಿ ಚಹಾ ಕೋಣೆಯವರು ಏಳಕ್ಕೇ ಫ್ಲಾಸ್ಕ್ ತುಂಬಿ ಏಣಿಯ ಬುಡದ ಹಲಗೆಯ ಮೇಲೆ ಇಡುತ್ತಾರೆ. ಹತ್ತಕ್ಕೆ ಮೇಲಿನಿಂದ ಹಗ್ಗ ಇಳಿಯುತ್ತದೆ, ಕೆಳಗಿನವನು ಫ್ಲಾಸ್ಕನ್ನು ಬುಟ್ಟಿಯಲ್ಲಿಟ್ಟು ಒಂದು ಸೀಟಿ ಹೊಡೆಯುತ್ತಾನೆ. ನಡುವಿನ ಮೂರು ಗಂಟೆ ಆ ಫ್ಲಾಸ್ಕಿಗೆ ದಿಕ್ಕುದೆಸೆಯಿಲ್ಲ. ಅಪಘಾತದ ದಿನ ಅದು ಮೇಲಿನಿಂದ ಬಿದ್ದು ನುಚ್ಚುನೂರಾಗಿತ್ತು.

"ಹಾಗೆ ಅನ್ನಿಸತ್ತೆ," ಎಂದಳು ಭೂತಗನ್ನಡಿ. "ಆದ್ರೆ ಅವನು ಎರಡು ದಿನದಿಂದ ಗಿರಣಿಗೆ ಹೋಗೇ ಇಲ್ಲ. ಇವತ್ತೂ ದದ್ದು ಏಳ್ತಿಲ್ಲ. ಹಳೇ ಮಾತ್ರೆಗೂ ದದ್ದು ಎರಡು ದಿನ ಏಳದೆ ಇರಬಹುದು, ಆದ್ರೆ ತುರಿಕೆ ಇವತ್ತೂ ಕಮ್ಮಿ. ಅಂದ್ರೆ ಮಾತ್ರೆ ನಿನ್ನೆ ರಾತ್ರಿನೂ ಹೋಗಿದೆ."

"ಮನೇಲಿ!"

"ಮನೇಲಿ."

ಮನೆ ಊರಿನ ಇನ್ನೊಂದು ತುದಿ. ನಡುವೆ ಇಲಾಖೆಗೆ ಹೋಗಿ ವಿಚಾರಣೆಯ ಪತ್ರಕ್ಕೆ ಮುದ್ರೆ ಹಾಕಿಸುವಲ್ಲಿ ಒಂದೂವರೆ ಗಂಟೆ ಹೋಯಿತು. ಅಲ್ಲಿಯ ಗುಮಾಸ್ತ ಒಂದು ಮುದ್ರೆಯನ್ನು ಹೆರಿಗೆ ಮಾಡಿಸಿದಷ್ಟು ನಿಧಾನಕ್ಕೆ ಒತ್ತಿದ. ಕ್ರೇನಿನವನ ಹೆಂಡತಿಯ ಬಾಗಿಲು ತಟ್ಟುವಾಗ ಎರಡು ಕಾಲು.

ಅವಳು ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯ ತುಂಬ ಚೂರು, ದಾರ, ತೋಳಿಲ್ಲದ ಅಂಗಿ, ಅಂಗಿಯಿಲ್ಲದ ತೋಳು. ಬೀದಿಯ ಹೆಂಗಸರೆಲ್ಲ ಸೇರಿ ಒಂದು ತಿಂಗಳು ಮಾತಾಡುವುದನ್ನು ಅವಳ ಹೊಲಿಗೆ ಯಂತ್ರ ಒಂದು ಗಂಟೆಯಲ್ಲಿ ಮಾತಾಡುತ್ತಿತ್ತು. ಇವತ್ತು ಅದೂ ಬಾಯಿ ಮುಚ್ಚಿತ್ತು.

"ಮತ್ತೆ ಬಂದ್ರಾ?" ಅವಳ ಕಣ್ಣು ಅತ್ತು ಊದಿದ್ದವು. "ಆಸ್ಪತ್ರೇಲಿ ತಮ್ಮ, ಗಿರಣೀಲಿ ಗಂಡ. ಒಂದು ಕಣ್ಣು ಇವನಿಗೆ ಅಳತ್ತೆ, ಇನ್ನೊಂದು ಅವರಿಗೆ ಅಳತ್ತೆ. ನಿಮಗೆ ಯಾವ ಕಣ್ಣಿಂದ ಉತ್ತರ ಕೊಡ್ಲಿ?"

"ಬಾಯಿಂದ ಕೊಡಮ್ಮ, ಸಾಕು. ನಿನ್ನ ಗಂಡನಿಗೆ ಅಲರ್ಜಿ ಮಾತ್ರೆ ಯಾರು ಕೊಡ್ತಿದಾರೆ?"

"ಯಾರೂ ಇಲ್ಲ. ನಿಲ್ಲಿಸಿದಾರೆ. ಆಸ್ಪತ್ರೆಯವರೇ ಹೇಳಿದ್ರಲ್ಲ."

"ರಾತ್ರಿ ಊಟ ಯಾರು ಬಡಿಸೋದು?"

"ನೀವೇನು ಬಂದು ಬಡಿಸ್ತೀರಾ? ನಾನೇ."

ಭೂತಗನ್ನಡಿಯ ಕಣ್ಣು ಕೋಣೆಯನ್ನು ಪೊರಕೆಯಂತೆ ಗುಡಿಸಿತು: ಅಳತೆ ಟೇಪು, ಎರಡು ಕತ್ತರಿ, ಗುಂಡಿಗಳ ಡಬ್ಬಿ, ಕಾಲಡಿಯ ಚೂರುಗಳ ಬುಟ್ಟಿ. ಬುಟ್ಟಿಯಲ್ಲಿ ಕೆಂಪು ಬಟ್ಟೆ, ನೀಲಿ ಬಟ್ಟೆ, ಅವುಗಳ ನಡುವೆ ಒಂದು ಮಿಣುಕು.

ಅವಳು ಬಗ್ಗಿ ಎರಡು ಬೆರಳಲ್ಲಿ ಅದನ್ನು ಎತ್ತಿದಳು. ಉಗುರಿನಗಲದ ಬೆಳ್ಳಿ ಹಾಳೆ. ಮಾತ್ರೆ ಪಟ್ಟಿಯ ಒಂದು ಮನೆ, ಖಾಲಿ. ಅಂಚು ನೇರವಾಗಿರಲಿಲ್ಲ. ಗರಗಸದ ಹಲ್ಲಿನಂತೆ ಅಂಕುಡೊಂಕು.

ಆಮೇಲೆ ಮೇಜಿನ ಮೇಲಿದ್ದ ಎರಡನೆಯ ಕತ್ತರಿ ಎತ್ತಿಕೊಂಡಳು. ಬಟ್ಟೆಯ ಎಳೆ ಬಿಚ್ಚದಿರಲೆಂದು ದರ್ಜಿಗಳು ಅಂಚು ಕತ್ತರಿಸುವ ಹಲ್ಲುಕತ್ತರಿ. ಬೆಳ್ಳಿ ಹಾಳೆಯನ್ನು ಅದರ ಬಾಯಿಗೆ ಹಿಡಿದಳು. ಹಲ್ಲಿಗೆ ಹಲ್ಲು ಕೂತಿತು.

ಗೋಡೆಯ ಗಡಿಯಾರ ಎರಡೂವರೆಗೆ ಒಂದು ಸಲ ಬಡಿಯಿತು. ದರ್ಜಿ ಹೆಂಗಸು ಬೆಚ್ಚಿದಳು.

"ಅವಸರದಲ್ಲಿ ಕೈಗೆ ಸಿಕ್ಕಿದ ಕತ್ತರಿ," ಎಂದಳು ಭೂತಗನ್ನಡಿ ಮೆತ್ತಗೆ. "ಬೇರೆ ಯಾರ ಮನೇಲೂ ಮಾತ್ರೆ ಪಟ್ಟಿ ಹೀಗೆ ಕತ್ತರಿಸಲ್ಲ ತಾಯಿ."

ಹೆಂಗಸು ಸ್ಟೂಲಿನ ಮೇಲೆ ಕುಸಿದಳು.

"ಹಾಲಿಗೆ," ಎಂದಳು. "ರಾತ್ರಿ ಹಾಲಿಗೆ. ಚಮಚದ ಬೆನ್ನಲ್ಲಿ ಪುಡಿ ಮಾಡಿ. ಒಂದೇ ಒಂದು."

"ಯಾಕೆ?"

"ಯಾಕೆ ಅಂತೀರಲ್ಲ! ನೀವು ಆ ಬೆನ್ನು ನೋಡಿದೀರಾ? ಹಾಸಿಗೆ ಬಟ್ಟೆ ಮೇಲೆ ರಕ್ತ. ಮಾತ್ರೆ ತಗೊಳ್ಳಿ ಅಂದ್ರೆ, ಇಲ್ಲ, ಪರೀಕ್ಷೆ ಕೆಡತ್ತೆ ಅಂತ ಹಟ. ಮೂರು ರಾತ್ರಿ ನೋಡಿದೆ. ನಾಲ್ಕನೇ ರಾತ್ರಿ ಆಗ್ಲಿಲ್ಲ. ಪರೀಕ್ಷೆ ಇನ್ನೊಂದು ದಿನ ಮಾಡಿಸಬಹುದು, ಮನುಷ್ಯ ಇನ್ನೊಬ್ಬ ಸಿಗ್ತಾನಾ?" ಅವಳು ಬೆಳ್ಳಿ ಹಾಳೆಯತ್ತ ನೋಡಿದಳು. "ಅದಕ್ಕೇ ನಿದ್ದೆ ಬಂತಾ ಅವರಿಗೆ? ನನ್ನ ತಮ್ಮನ ಮೇಲೆ... ನಾನೇನಾ?"

ಕೇಸು ಮುಗಿಯಿತು. ಭೂತಗನ್ನಡಿಯ ಮನಸ್ಸಿನಲ್ಲಿ ವರದಿ ಆಗಲೇ ಬೆರಳಚ್ಚಾಗಿ ಮುದ್ರೆ ಬಿದ್ದಿತ್ತು. ಗಂಡ ಬಚಾವು, ಹೆಂಡತಿಗೆ ತಿಳಿಯದೆ ಮಾಡಿದ ತಪ್ಪಿನ ಶಿಕ್ಷೆ. ಗೆಲುವು ಬಾಯಲ್ಲಿ ಇಷ್ಟು ಕಹಿಯಾಗಿರುವುದು ಅವಳಿಗೆ ಇದೇ ಮೊದಲು.

"ಪಟ್ಟಿ ತೋರಿಸು."

ಹೆಂಗಸು ಗುಂಡಿಗಳ ಡಬ್ಬಿಯ ತಳದಿಂದ ಪಟ್ಟಿ ತೆಗೆದಳು. ಬಿಳಿ ಮಾತ್ರೆಗಳು. ಭೂತಗನ್ನಡಿ ಕನ್ನಡಕ ಏರಿಸಿ ಇರುವೆ ಸಾಲು ಓದಿದಳು. ಇನ್ನೊಂದು ಸಲ ಓದಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮೂರನೆಯ ಸಲ ಓದಿದಳು.

"ಏನೇ?" ಎಂದ ಬಾಗಿಲಲ್ಲಿದ್ದ ಸ್ಟೇರಿಂಗು. ಅವಳ ಮುಖ ಹೀಗೆ ಬಿಳುಚಿದ್ದನ್ನು ಅವನು ಮದುವೆಯ ದಿನ ತನ್ನನ್ನು ಮೊದಲ ಸಲ ನೋಡಿದಾಗ ಮಾತ್ರ ಕಂಡಿದ್ದ.

"ಇದು ಹೊಸ ನಮೂನೆದು ಕಣ್ರೀ. ದಿನಕ್ಕೊಂದು ಮಾತ್ರೆ. ಇದು ದದ್ದನ್ನ ತಡೆಯತ್ತೆ. ಆ ಏಳನೇ ಚುಕ್ಕೇನ ತಡೆದದ್ದು ಇದೇ. ಆದ್ರೆ ರಾತ್ರಿ ಕುಡಿದ ಒಂದು ಮಾತ್ರೆಗೆ ಮರುದಿನ ಹನ್ನೊಂದಕ್ಕೆ ಯಾರೂ ಗೊರಕೆ ಹೊಡೆಯಲ್ಲ. ಕೆಲವರಿಗೆ ಸ್ವಲ್ಪ ಮಂಪರು ಬರಬಹುದು. ಇಷ್ಟಲ್ಲ."

"ಅಂದ್ರೆ ನಾನಲ್ವಾ?" ಎಂದಳು ಹೆಂಗಸು.

ಭೂತಗನ್ನಡಿ ತನ್ನ ಪುಸ್ತಕ ತೆರೆದಳು. ತಾನೇ ಬರೆದ ಸಾಲು ತನ್ನನ್ನೇ ಅಣಕಿಸುತ್ತ ಮಲಗಿತ್ತು. ಬಾಯಿ ಮರಳು. ಅಂಕಿ ಮಂಜು. ಬೆಳಿಗ್ಗೆ ಹತ್ತೂವರೆ.

"ಬಾಯಿ ಒಣಗೋದು, ಕಣ್ಣು ಮಂಜಾಗೋದು, ಜೊತೆಗೆ ನಿದ್ದೆ. ಇದು ಹಳೇ ನಮೂನೆಯ ಗುಣ. ಹತ್ತಕ್ಕೆ ಫ್ಲಾಸ್ಕು, ಹತ್ತೂವರೆಗೆ ಬಾಯಿ ಒಣಗತ್ತೆ. ಒಣಗಿದ ಬಾಯಿಗೆ ಅದೇ ಫ್ಲಾಸ್ಕಿಂದ ಇನ್ನೊಂದು ಲೋಟ." ಅವಳು ಪಟ್ಟಿಯನ್ನು ಮೇಜಿನ ಮೇಲಿಟ್ಟಳು. "ಒಬ್ಬ ಮನುಷ್ಯನಿಗೆ ಇಬ್ಬರು ಕುಡಿಸಿದಾರೆ. ಮನೇಲಿ ಒಬ್ಬಳು, ಪ್ರೀತಿಯಿಂದ. ಗಿರಣೀಲಿ ಇನ್ನೊಬ್ಬರು, ಬೇರೆ ಏನಕ್ಕೋ. ನಾನು ಒಂದನ್ನ ಹಿಡಿದು ಎರಡನ್ನೂ ಹಿಡಿದೆ ಅಂದ್ಕೊಂಡೆ."

"ನಂದು ತಪ್ಪಿಲ್ಲ ಅಂತ ಹೇಳಿ!"

"ಹೇಳಲ್ಲ. ಕೇಳದೆ ಕುಡಿಸೋದು ತಪ್ಪೇ. ಹೊಟ್ಟೇಲಿ ಏನಿದೆ ಅಂತ ಅವನಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಅದರ ಮೇಲೆ ಅವನೇ ಶೀತಕ್ಕೆ ಅಂತ ಇನ್ನೇನಾದ್ರೂ ನುಂಗಿದ್ರೆ? ಆದ್ರೆ ಸುರುಳಿ ಬೀಳಿಸಿದ್ದು ನಿನ್ನ ಹಾಲಲ್ಲ."

ಅವಳು ಮಾತು ಮುಗಿಸುವಷ್ಟರಲ್ಲಿ ಹೆಂಗಸಿನ ಕೈಯಲ್ಲಿ ಫೋನು ಕಿವಿಗೇರಿತ್ತು. ಅರ್ಧ ಮಾತು ಕೇಳಿ ಪೂರ್ತಿ ಅತ್ತುಬಿಡುವ ಜಾತಿ ಅವಳದು.

"ರೀ! ನಿಮಗೆ ಮಾತ್ರೆ ಕೊಟ್ಟಿದ್ದು ನಾನೇ ರೀ. ನಿಮಗೆ ಗೊತ್ತಾಗದ ಹಾಗೆ..."

"ಇಡು ಫೋನು!" ಭೂತಗನ್ನಡಿ ಹಾರಿದಳು.

ಆ ಕಡೆಯಿಂದ ಕ್ರೇನಿನವನ ದನಿ, ಬಾವಿಯ ತಳದಿಂದ ಬಂದಂತೆ: "ಯಾರಿಗೂ ಹೇಳ್ಬೇಡ. ತಿಳೀತಾ? ಯಾರಿಗೂ." ಫೋನು ಸತ್ತಿತು. ಮತ್ತೆ ಮಾಡಿದರೆ ಎತ್ತುವವರಿಲ್ಲ.

ಮೂರಕ್ಕೆ ಹತ್ತು ನಿಮಿಷ.

ಆ ಹೊತ್ತು ಭೂತಗನ್ನಡಿ ಕಾರು ಓಡಿಸಿದ್ದನ್ನು ನೋಡಿದ ಸಂಚಾರ ಪೊಲೀಸನೊಬ್ಬ ತಡೆಯಲು ಮರೆತು ವಂದನೆ ಹೊಡೆದನಂತೆ. ಹಿಂದಿನ ಸೀಟಿನಲ್ಲಿ ದರ್ಜಿ ಹೆಂಗಸು ತನ್ನ ಬೆರಳ ತುದಿಗಳನ್ನು ಒಂದೊಂದಾಗಿ ಎಣಿಸುತ್ತಿದ್ದಳು. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಸ್ಟೇರಿಂಗು ಬಾಗಿಲ ಹಿಡಿ ಹಿಡಿದು ತುಟಿ ಕಚ್ಚಿಕೊಂಡಿದ್ದ. ಸೀನಲು ಕೂಡ ಅವನಿಗೆ ಧೈರ್ಯವಿರಲಿಲ್ಲ.

ಗಿರಣಿಯ ಗೇಟಿನಲ್ಲಿ ಜೀಪು ಆಗಲೇ ನಿಂತಿತ್ತು. ಮೂರೂ ನಲವತ್ತು.

ಸೂಪರ್‌ವೈಸರನ ಕೋಣೆಯಲ್ಲಿ ಎಲ್ಲವೂ ಚೊಕ್ಕಟ: ಪೆನ್ನುಗಳು ಸಾಲಾಗಿ, ಫೈಲುಗಳು ಸಾಲಾಗಿ, ಕಾಗದದ ಧೂಳಿನ ಊರಿನಲ್ಲಿ ಒಂದು ಕಣ ಧೂಳಿಲ್ಲದ ಮೇಜು. ಮೇಜಿನ ಈಚೆ ಕ್ರೇನಿನವನು ತಲೆ ತಗ್ಗಿಸಿ ಕೂತಿದ್ದ. ಆಚೆ ಸಕ್ಕರೆ ಒಂದು ಹಾಳೆಯ ಮೇಲೆ ಒತ್ತುಕಾಗದ ಒತ್ತುತ್ತಿದ್ದ. ಶಾಯಿ ಇನ್ನೂ ಹಸಿ.

"ಬನ್ನಿ ಮೇಡಂ. ಎಲ್ಲಾ ಸುಲಭವಾಯ್ತು," ಎಂದ ಸಕ್ಕರೆ. "ಪಾಪ, ತಾನೇ ಒಪ್ಪಿಕೊಂಡ."

"ಏನನ್ನ?"

"ನಾನೇ ತಗೊಂಡೆ," ಎಂದ ಕ್ರೇನಿನವನು ನೆಲಕ್ಕೆ. "ತುರಿಕೆ ತಡೀಲಿಲ್ಲ. ಗೊತ್ತಿದ್ದೂ ಮಾತ್ರೆ ತಗೊಂಡು ಮೇಲೆ ಹತ್ತಿದೆ. ನಂದೇ ತಪ್ಪು. ಬೇರೆ ಯಾರ್ದೂ ಏನೂ ಇಲ್ಲ."

"ಸುಳ್ಳು!" ಹೆಂಡತಿ ಮುಂದೆ ನುಗ್ಗಿದಳು. "ನಾನು ಹಾಲಿಗೆ..."

"ನೀನು ಸುಮ್ನಿರೇ!" ಅವನು ಎದ್ದೇ ಬಿಟ್ಟ. ಆ ಕೂಗಿಗೆ ಜೀಪಿನವನು ಕಿಟಕಿಯಲ್ಲಿ ಇಣುಕಿದ. "ನಾಳೆ ಮಕ್ಕಳಿಗೆ ಯಾರಾದ್ರೂ ಒಬ್ರು ಮನೇಲಿ ಬೇಕು. ನೀನಿರು. ಸಾಕು."

ಭೂತಗನ್ನಡಿ ಹಾಳೆ ಎತ್ತಿಕೊಂಡಳು. ಟೈಪು ಮಾಡಿದ ಅಚ್ಚುಕಟ್ಟಾದ ಸಾಲು, ಕೆಳಗೆ ನಡುಗುವ ಸಹಿ. ಓದುತ್ತ ಓದುತ್ತ ಅವಳ ಹುಬ್ಬು ಒಂದಕ್ಕೊಂದು ಹತ್ತಿರ ಬಂದವು.

"'ನಾನು ಸ್ವಇಚ್ಛೆಯಿಂದ ನನ್ನ ಚಹಾದ ಫ್ಲಾಸ್ಕಿಗೆ ನಾಲ್ಕು ಹಳದಿ ಮಾತ್ರೆ ಹಾಕಿಕೊಂಡೆನು,'" ಎಂದು ಗಟ್ಟಿಯಾಗಿ ಓದಿದಳು. ಕ್ರೇನಿನವನತ್ತ ತಿರುಗಿದಳು. "ನೀನು ದಿನಾ ತಗೊಳ್ತಿದ್ದ ಮಾತ್ರೆ ಯಾವ ಬಣ್ಣ?"

"ಬಿಳಿ... ಇವಳು ಯಾವುದು ಹಾಕಿದಳೋ..." ಎಂದವನೇ ನಾಲಿಗೆ ಕಚ್ಚಿಕೊಂಡ.

"ಇವಳು ಹಾಕಿದ್ದೂ ಬಿಳಿಯೇ. ಅದೂ ಹಾಲಿಗೆ. ಫ್ಲಾಸ್ಕು ಅಂತ ಇವಳು ಹೇಳಿಲ್ಲ, ಹಳದಿ ಅಂತ ನೀನು ಹೇಳಿಲ್ಲ." ಅವಳು ಹಾಳೆಯನ್ನು ಸಕ್ಕರೆಯ ಮುಂದೆ ಇಟ್ಟಳು. "ಈ ಹಳದಿ ಬಣ್ಣ ಯಾರ ತಲೆಯಿಂದ ಉದುರಿತು ಸ್ವಾಮಿ?"

ಸಕ್ಕರೆ ಸಾಲಿನಲ್ಲಿದ್ದ ಪೆನ್ನೊಂದನ್ನು ಇನ್ನಷ್ಟು ನೇರ ಮಾಡಿದ.

"ಓ, ಅದಾ!" ಸಕ್ಕರೆ ನಕ್ಕ. "ಗಾಯಾಳು ಹೇಳಿದ್ದು. ಎರಡಕ್ಕೆ ಅವನಿಗೆ ಎಚ್ಚರವಾಯ್ತು. ವಾರ್ಡಿನಿಂದ ಗಿರಣಿಗೆ ಫೋನು ಬಂತು, ನಾನೇ ಮಾತಾಡಿದೆ. 'ಭಾವನ ಫ್ಲಾಸ್ಕಿಗೆ ನಾಲ್ಕು ಹಳದಿ ಮಾತ್ರೆ ಹಾಕಿದ್ದು ನೋಡಿದೆ' ಅಂದ. ಹಾಕಿದ್ದು ಯಾರು ಅಂತ ಹೇಳೋಕೆ ಮೊದಲೇ ಸುಸ್ತಾಗಿ ಫೋನು ಬಿಟ್ಟ. ಇವನೇ ಹಾಕ್ಕೊಂಡಿರ್ಬೇಕು ಅಂತ ನಾನು ಅಂದ್ಕೊಂಡೆ. ಕೇಳಿದ್ದಕ್ಕೆ ಮೊದಲು ಇಲ್ಲ ಇಲ್ಲ ಅಂದ. ಮೂರರ ಹೊತ್ತಿಗೆ ಏನೋ ಫೋನು ಬಂತು, ಹೂಂ ಅಂದ."

ದರ್ಜಿ ಹೆಂಗಸು ಬಾಯಿಗೆ ಕೈ ಒತ್ತಿಕೊಂಡಳು. "ನನ್ನ ತಮ್ಮ ಕಣ್ಣು ಬಿಟ್ನಾ?"

ಭೂತಗನ್ನಡಿ ಆಗಲೇ ಮೇಜಿನ ಫೋನಿನಲ್ಲಿ ವಾರ್ಡಿನ ಸಂಖ್ಯೆ ಒತ್ತಿದ್ದಳು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಗುಂಡಿಯನ್ನೂ ಒತ್ತಿದಳು. ಈಗ ಬೇಕಾದದ್ದು ಒಂದು ಹೆಸರು. ಹಾಕಿದ್ದು ಯಾರು ಎಂದು ಅವನು ಹೇಳಿದರೆ ಹಸಿ ಶಾಯಿಯ ಆ ಹಾಳೆ ಬರೀ ರದ್ದಿ.

"ವಾರ್ಡ್ ಸಿಸ್ಟರ್," ಎಂದಿತು ಫೋನು.

"ಸುರುಳಿ ಬಿದ್ದ ಗಾಯಾಳು. ಎಚ್ಚರ ಇದಾರಾ? ಒಂದು ನಿಮಿಷ ಮಾತಾಡ್ಬೇಕು."

"ಎರಡಕ್ಕೆ ಚೆನ್ನಾಗಿ ಎದ್ದಿದ್ರು ಮೇಡಂ. ಈಗ ಮತ್ತೆ ಮಲಗಿಬಿಟ್ಟಿದಾರೆ. ಅಲುಗಾಡಿಸಿದ್ರೆ ಏನೇನೋ ಬಡಬಡಿಸ್ತಾರೆ, ಗಾಳೀಲಿ ಏನೋ ಹಿಡಿಯೋಕೆ ಹೋಗ್ತಾರೆ."

ಭೂತಗನ್ನಡಿ ಪುಸ್ತಕದಲ್ಲಿ ತಾನು ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟಳು.

"ತುಟಿ ನೋಡಿ. ಒಣಗಿದೆಯಾ?"

"ಹೌದು, ಬಿರುಕು ಬಿಟ್ಟಿದೆ."

"ಕಣ್ಣಿನ ಪಾಪೆ?"

ಒಂದು ಕ್ಷಣ. "ಅಗಲ ಆಗಿದೆ. ಮೈ ಕೆಂಪಗೆ ಸುಡ್ತಿದೆ. ನಾಡಿ... ಅಯ್ಯೋ, ನೂರಾ ಮೂವತ್ತು!"

"ತಲೆ ಪೆಟ್ಟಿನ ಮಂಪರು ಅಂದ್ಕೋಬೇಡಿ. ಹಳೇ ನಮೂನೆಯ ಅಲರ್ಜಿ ಮಾತ್ರೆ ಅತಿಯಾಗಿ ಹೋಗಿರ್ಬೇಕು. ಈಗಲೇ ವೈದ್ಯರನ್ನ ಕರೀರಿ, ಇಸಿಜಿ ತೆಗೆಸಿ. ಬಾಯಿಗೆ ಏನೂ ಹಾಕ್ಬೇಡಿ. ಯಾರು, ಏನು ಕುಡಿಸಿದ್ರು ಅವನಿಗೆ?"

ಆ ಕಡೆ ನರ್ಸ್ ಯಾರನ್ನೋ ಕೂಗಿ ಓಡಿಸಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದಳು, ಏದುಸಿರು ಬಿಡುತ್ತ.

"ನಾವೇನೂ ಕೊಟ್ಟಿಲ್ಲ ಮೇಡಂ. ಎರಡೂವರೆಗೆ ಅವರಕ್ಕ ಬಂದು ಹಣ್ಣಿನ ರಸ ಕುಡಿಸಿದ್ರು, ಅಷ್ಟೇ."

ಭೂತಗನ್ನಡಿ ತಲೆಯೆತ್ತಿದಳು. ಎರಡೂವರೆಗೆ ಅವನ ಅಕ್ಕ ತನ್ನ ಹೊಲಿಗೆ ಯಂತ್ರದ ಪಕ್ಕ, ಭೂತಗನ್ನಡಿಯ ಮೂಗಿನ ಎದುರೇ ನಿಂತಿದ್ದಳು.

"ಅವನಿಗೆ ಇರೋ ಅಕ್ಕ ನಾನೊಬ್ಬಳೇ," ಎಂದಳು ದರ್ಜಿ ಹೆಂಗಸು.

"ಸಿಸ್ಟರ್, ಆ ಹೆಂಗಸು ನೋಡೋಕೆ ಹೇಗಿದ್ಲು?"

"ಹೇಗೆ ಅಂದ್ರೆ... ನೀವೇ ಮಾತಾಡಿ ಮೇಡಂ. ಮತ್ತೆ ಬಂದಿದಾರೆ, ಇಲ್ಲೇ ಇದಾರೆ. ಫೋನು ಕೊಡ್ತೀನಿ."

ಕೈ ಬದಲಾದ ಸರಬರ. ಯಾರೋ ಉಸಿರೆಳೆದುಕೊಂಡ ಸದ್ದು.

"ಹಲೋ?" ಎಂದಿತು ಹೆಣ್ಣು ದನಿ, ತೀರ ಮೆತ್ತಗೆ.

ಆ ದನಿಯ ಗುರುತು ಹತ್ತಿದೊಡನೆ ಸಕ್ಕರೆಯ ಮುಖದಿಂದ ನಗು ಹೋಯಿತು. ಅವನ ಬೆರಳು ಮೇಜಿನ ಮೇಲಿಂದ ಹಾವಿನಂತೆ ಸರಿದು ಫೋನನ್ನು ಕತ್ತರಿಸಿತು.